ಬಯಲಲ್ಲಿ ಜಿಂಕೆ ಹುಡುಕಲು ಯಾವ ಬೈನಾಕ್ಯುಲರ್? ಬಂದೂಕಿಗಿಂತ ಮೊದಲು ಯೋಚಿಸಬೇಕಾದ ವಿಷಯ

ಅಮೆರಿಕದಲ್ಲಿ ಬೇಟೆಗೆ ಹೊಸದಾಗಿ ಇಳಿಯುವ ನಮ್ಮವರು ಮೊದಲು ಕೇಳುವುದು ಬಂದೂಕಿನ ಬಗ್ಗೆ. ಯಾವ ಕ್ಯಾಲಿಬರ್, ಯಾವ ಕಂಪನಿ, ಎಷ್ಟು ದೂರ ಹೊಡೆಯುತ್ತೆ. ವಯೋಮಿಂಗ್ ಬಯಲಿನಲ್ಲಿ ಕೆಲವು ವರ್ಷ ಮ್ಯೂಲ್ ಡಿಯರ್ ಅನ್ನುವ ದೊಡ್ಡ ಕಿವಿಯ ಜಿಂಕೆಯ ಹಿಂದೆ ಅಲೆದ ಮೇಲೆ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಬಂದೂಕು ಸಾಧಾರಣದ್ದಾದರೂ ನಡೆಯುತ್ತದೆ, ದುಡ್ಡನ್ನು ಕಣ್ಣಿಗೆ ಹಾಕಿ. ಐದು ದಿನದ ಬೇಟೆಯಲ್ಲಿ ಬಂದೂಕಿಗೆ ಕೆಲಸ ಒಂದೇ ಒಂದು ಗಳಿಗೆ. ಬೈನಾಕ್ಯುಲರ್ ಮಾತ್ರ ದಿನಕ್ಕೆ ಆರೇಳು ಗಂಟೆ ಕಣ್ಣಿಗೆ ಅಂಟಿಕೊಂಡಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು, ಸೀಸನ್‌ನಲ್ಲಿ ಮಾಡುವ ಬೇಟೆಯ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಊರಲ್ಲಿರುವವರು ರಾಣೆಬೆನ್ನೂರಿನಲ್ಲೋ ಮಧುಗಿರಿ ಹತ್ತಿರದ ಮೈದನಹಳ್ಳಿಯಲ್ಲೋ ಕೃಷ್ಣಮೃಗ ನೋಡಲು ಹೋಗುವವರಾದರೆ, ಗಾಜಿನ ಬಗ್ಗೆ ಇಲ್ಲಿ ಹೇಳುವ ಹೆಚ್ಚಿನ ಮಾತು ನಿಮಗೂ ಹೊಂದುತ್ತದೆ.

ನಾನು ಬೆಳೆದದ್ದು ಸಕಲೇಶಪುರದ ಕಡೆ. ಅಲ್ಲಿ ಕಾಡಿನಲ್ಲಿ ಮೂವತ್ತು ಮಾರು ಮುಂದೆ ಏನಿದೆ ಅಂತ ಕಾಣುವುದಿಲ್ಲ. ವಯೋಮಿಂಗ್‌ನ ರೆಡ್ ಡೆಸರ್ಟ್ ಕಡೆ ಮೊದಲ ಸಲ ಹೋಗಿ ಒಂದು ದಿಬ್ಬದ ಮೇಲೆ ಕೂತಾಗ ಐದಾರು ಕಿಲೋಮೀಟರ್ ದೂರದವರೆಗೆ ಸೇಜ್‌ಬ್ರಷ್ ಅನ್ನುವ ಬೂದು-ಹಸಿರು ಪೊದೆ ಬಿಟ್ಟರೆ ಬೇರೇನೂ ಇರಲಿಲ್ಲ, ಇಲ್ಲಿ ಜಿಂಕೆ ಇದ್ದರೆ ಬರಿಗಣ್ಣಿಗೇ ಕಾಣುತ್ತೆ ಅಂದುಕೊಂಡೆ. ಹಾಗಾಗುವುದಿಲ್ಲ. ಬಯಲು ಚಪ್ಪಟೆ ಅಲ್ಲ, ಅದರೊಳಗೆ ನೂರಾರು ಸಣ್ಣ ಹಳ್ಳ, ಕೊರಕಲು ಇರುತ್ತವೆ. ಅಕ್ಟೋಬರ್ ಹೊತ್ತಿಗೆ ಮ್ಯೂಲ್ ಡಿಯರ್ ಮೈಬಣ್ಣ ಬೂದು-ಕಂದು, ಪಕ್ಕದ ಪೊದೆ, ಮಣ್ಣು ಯಾವುದರಿಂದಲೂ ಬೇರೆ ಅನಿಸುವುದಿಲ್ಲ. ಅದು ಪೊದೆಯ ನೆರಳಲ್ಲಿ ಮಲಗಿತು ಅಂದರೆ ಹೊರಗೆ ಉಳಿಯುವುದು ಎರಡು ಕಿವಿ ತುದಿ, ಗಂಡಾದರೆ ಕೊಂಬಿನ ಒಂದು ಕವಲು. ಆ ಕಿವಿಯನ್ನು ಒಂದೂವರೆ ಕಿಲೋಮೀಟರ್‌ನಿಂದ ಹಿಡಿಯಬೇಕು. ಬೈನಾಕ್ಯುಲರ್ ಆರಿಸುವಾಗ ನಿಮ್ಮ ತಲೆಯಲ್ಲಿ ಇರಬೇಕಾದ್ದು ಪೂರ್ತಿ ಜಿಂಕೆ ಅಲ್ಲ, ಈ ಕಿವಿ.

ಪೆಟ್ಟಿಗೆ ಮೇಲಿನ ಎರಡು ಸಂಖ್ಯೆ

10×42 ಅಂತ ಬರೆದಿದ್ದರೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಎಲ್ಲರ ಕಣ್ಣೂ ಮೊದಲ ಸಂಖ್ಯೆ ಮೇಲೇ ಹೋಗುತ್ತದೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ ಅಂತ. ನಾನೂ ಹಾಗೇ ಅಂದುಕೊಂಡು ಆನ್‌ಲೈನ್‌ನಲ್ಲಿ ಅರವತ್ತು ಡಾಲರ್‌ಗೆ ಜೂಮ್ ಇರುವ ಒಂದನ್ನು ತರಿಸಿದ್ದೆ, ಮೂವತ್ತು ಪಟ್ಟಿನದು. ಬೆಳಗಿನ ಮಬ್ಬಿನಲ್ಲಿ ಅದರಲ್ಲಿ ಕತ್ತಲು ಬಿಟ್ಟು ಬೇರೇನೂ ಕಾಣಲಿಲ್ಲ. ಬೆಳಕು ಬಂದ ಮೇಲೆ ಕೈ ನಡುಗಿ ಗುಡ್ಡವೇ ಕುಣಿಯುತ್ತಿತ್ತು. ಎರಡು ಕೊಳವೆಗಳು ಒಂದೇ ನೇರಕ್ಕೆ ಇರಲಿಲ್ಲ, ಹಾಗಾಗಿ ಇಪ್ಪತ್ತು ನಿಮಿಷಕ್ಕೆ ತಲೆನೋವು ಶುರು. ಮೊದಲ ಸೀಸನ್ ಪೂರ್ತಿ ಅದರಲ್ಲೇ ಕಳೆಯಿತು, ನನ್ನ ಪಕ್ಕ ಕೂತ ಗೆಳೆಯ ತನ್ನ ಹಳೇ 10×42ರಲ್ಲಿ ಹನ್ನೊಂದು ಜಿಂಕೆ ಎಣಿಸಿದ ಕಡೆ ನಾನು ಎಣಿಸಿದ್ದು ಎರಡು.

ಪಟ್ಟು ಜಾಸ್ತಿಯಾದಷ್ಟೂ ಮೂರು ವಿಷಯ ಕಡಿಮೆಯಾಗುತ್ತವೆ. ಕೈಯ ನಡುಕ ಅಷ್ಟೇ ಪಟ್ಟು ದೊಡ್ಡದಾಗುವುದರಿಂದ ಸ್ಥಿರತೆ ಹೋಗುತ್ತದೆ. ಒಮ್ಮೆಗೆ ಕಾಣುವ ಜಾಗ ಕಿರಿದಾಗುತ್ತದೆ: ಒಂದು ಕಿಲೋಮೀಟರ್ ದೂರದಲ್ಲಿ 8×42ರಲ್ಲಿ ಸುಮಾರು 140 ಮೀಟರ್ ಅಗಲ ಕಂಡರೆ 10×42ರಲ್ಲಿ ಸುಮಾರು 110, 15×56ರಲ್ಲಿ 75ರ ಆಸುಪಾಸು. ಮೂರನೆಯದು ಬೆಳಕು, ನನ್ನ ಪ್ರಕಾರ ಇದೇ ಮುಖ್ಯ. ಬೈನಾಕ್ಯುಲರನ್ನು ಮುಖದಿಂದ ಒಂದಡಿ ದೂರ ಹಿಡಿದು ಆಕಾಶದ ಕಡೆ ತಿರುಗಿಸಿ. ಕಣ್ಣಿನ ಕಡೆಯ ಗಾಜಿನಲ್ಲಿ ಒಂದು ಬೆಳಕಿನ ಚುಕ್ಕೆ ಕಾಣುತ್ತದೆ. ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಆ ಚುಕ್ಕೆಯ ಅಗಲ ಬರುತ್ತದೆ. 10×42ಕ್ಕೆ 4.2 ಮಿಲಿಮೀಟರ್, 8×42ಕ್ಕೆ 5.25, 15×56ಕ್ಕೆ 3.7. ಮಬ್ಬುಗತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗುತ್ತದೆ, ಯುವಕರಿಗೆ 7 ಮಿಲಿಮೀಟರ್‌ವರೆಗೆ, ಐವತ್ತು ದಾಟಿದವರಿಗೆ 5ರ ಹತ್ತಿರ. ಚುಕ್ಕೆ ಅದಕ್ಕಿಂತ ತೀರಾ ಚಿಕ್ಕದಾದರೆ ಚಿತ್ರ ಕಪ್ಪಾಗುತ್ತದೆ.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ವಯೋಮಿಂಗ್, ಕೊಲೊರಾಡೊ ಎರಡೂ ಕಡೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿಂದ ಸೂರ್ಯಾಸ್ತದ ನಂತರ ಅರ್ಧ ಗಂಟೆವರೆಗೆ ಬೇಟೆಗೆ ಅನುಮತಿ. ಮ್ಯೂಲ್ ಡಿಯರ್ ಎದ್ದು ಓಡಾಡಿ ಮೇಯುವುದು ಹೆಚ್ಚಾಗಿ ಆ ಎರಡು ಅರ್ಧ ಗಂಟೆಗಳ ಆಸುಪಾಸಿನಲ್ಲೇ. ಬಿಸಿಲೇರಿದ ಮೇಲೆ ಚೆನ್ನಾಗಿ ಕಾಣುವ ಬೈನಾಕ್ಯುಲರ್ ಎಲ್ಲರ ಹತ್ತಿರವೂ ಇದೆ, ಆದರೆ ಆ ಹೊತ್ತಿಗೆ ಜಿಂಕೆ ಮಲಗಿರುತ್ತದೆ.

ಹಾಗಾಗಿ ಒಂದೇ ಒಂದು ಕೊಳ್ಳುವುದಾದರೆ 10×42. ಕೈಯಲ್ಲೂ ಹಿಡಿಯಬಹುದು, ಟ್ರೈಪಾಡ್ ಮೇಲೂ ಕೂರಿಸಬಹುದು, ತೂಕ 700ರಿಂದ 850 ಗ್ರಾಂ. ಕೈ ಸ್ವಲ್ಪ ಜಾಸ್ತಿ ನಡುಗುವವರು, ಮರಗಳೂ ಇರುವ ಕಡೆ ಓಡಾಡುವವರು 8×42 ತಗೊಳ್ಳಿ, ನಷ್ಟ ಏನೂ ಇಲ್ಲ. 15×56 ಬಯಲಿಗೆ ಅದ್ಭುತ, ಆದರೆ ಅದು ಕೈಯಲ್ಲಿ ಹಿಡಿಯುವ ವಸ್ತುವೇ ಅಲ್ಲ, ಒಂದು ಕಿಲೋಗಿಂತ ಭಾರ, ಟ್ರೈಪಾಡ್ ಬೇಕೇ ಬೇಕು. ಎರಡನೆಯದಾಗಿ ಕೊಳ್ಳಿ, ಮೊದಲನೆಯದಾಗಿ ಬೇಡ. ಜೂಮ್ ಇರುವ ಬೈನಾಕ್ಯುಲರ್ ಯಾವತ್ತೂ ಬೇಡ.

ಅಂಗಡಿಯಲ್ಲಿ ಏನು ನೋಡಬೇಕು

ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೂರು ಡಾಲರ್‌ನದೂ ಎರಡು ಸಾವಿರದ್ದೂ ಒಂದೇ ಥರ ಕಾಣುತ್ತವೆ. ಸಂಜೆ ಹೊತ್ತಿಗೆ ಹೋಗಿ. ಬಾಗಿಲ ಹೊರಗೆ ನಿಂತು ನೋಡಲು ಬಿಡಿ ಅಂತ ಕೇಳಿ, ಒಳ್ಳೆ ಅಂಗಡಿಯವರು ಬಿಡುತ್ತಾರೆ. ಪಾರ್ಕಿಂಗ್ ಜಾಗದ ಆಚೆ ತುದಿಯಲ್ಲಿ ನೆರಳು ಬಿದ್ದಿರುವ ಗಿಡದ ಬುಡ ನೋಡಿ. ಅಲ್ಲಿನ ಎಲೆ, ಕಲ್ಲು ಬಿಡಿಬಿಡಿಯಾಗಿ ಕಂಡರೆ ಸರಿ, ಬರೀ ಕಪ್ಪು ಮುದ್ದೆಯಂತೆ ಕಂಡರೆ ಕೆಳಗಿಡಿ. ಆಮೇಲೆ ಆಕಾಶಕ್ಕೆ ಎದುರಾಗಿರುವ ಒಣ ಕೊಂಬೆ ನೋಡಿ, ಅದರ ಅಂಚಿಗೆ ನೇರಳೆ ಅಥವಾ ಹಸಿರು ಗೆರೆ ಮೂಡುತ್ತದೆಯಾ ಗಮನಿಸಿ. ED ಗಾಜು (ಬಣ್ಣ ಚೆದುರುವುದನ್ನು ಕಡಿಮೆ ಮಾಡುವ ಗಾಜು) ಅಂತ ಬರೆದಿರುವುದರಲ್ಲಿ ಆ ಗೆರೆ ಕಡಿಮೆ. ದೂರದಲ್ಲಿ ಬೆಳಕಿಗೆ ಎದುರಾಗಿ ನಿಂತ ಕೊಂಬನ್ನು ಕೊಂಬೆಯಿಂದ ಬೇರೆ ಮಾಡಿ ಗುರುತಿಸುವಾಗ ಇದು ಕೆಲಸಕ್ಕೆ ಬರುತ್ತದೆ.

ಇನ್ನೊಂದು ಪರೀಕ್ಷೆ ಅದೇ ಬೆಳಕಿನ ಚುಕ್ಕೆ. ಚುಕ್ಕೆ ಪೂರ್ತಿ ದುಂಡಗೆ ಇರಬೇಕು. ಅಂಚು ಕತ್ತರಿಸಿ ಚೌಕದ ಥರ ಕಂಡರೆ ಒಳಗೆ ಬೆಳಕು ತಿರುಗಿಸುವ ಗಾಜು, ಅಂದರೆ ಪ್ರಿಸಂ, ಅಗ್ಗದ್ದು ಅಂತ ಅನುಮಾನ ಪಡಿ. ಪೆಟ್ಟಿಗೆ ಮೇಲೆ ಬಿಎಕೆ-4 (ಒಳ್ಳೆ ದರ್ಜೆಯ ಗಾಜು) ಪ್ರಿಸಂ, ಫುಲ್ಲಿ ಮಲ್ಟಿಕೋಟೆಡ್ (ಎಲ್ಲಾ ಗಾಜಿಗೂ ಹಲವು ಪದರದ ಲೇಪನ), ರೂಫ್ ಪ್ರಿಸಂ (ನೇರ ಕೊಳವೆಯ ಮಾದರಿ) ಆದರೆ ಫೇಸ್ (phase) ಕೋಟಿಂಗ್ ಅಂತ ಇರಲಿ. ಬರೀ "ಕೋಟೆಡ್" ಅಂತ ಬರೆದಿದ್ದರೆ ಎಲ್ಲಾ ಗಾಜಿಗೂ ಬಳಿದಿಲ್ಲ ಅಂತ ಅರ್ಥ. ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಸೀಲ್ ಮಾಡಿರಬೇಕು, ಇಲ್ಲದಿದ್ದರೆ ಬೆಚ್ಚಗಿನ ಗಾಡಿಯಿಂದ ಮೈನಸ್ ಹತ್ತು ಡಿಗ್ರಿ ಚಳಿಗೆ ತಂದ ಕೂಡಲೇ ಗಾಜಿನ ಒಳಗೇ ಮಂಜು ಕಟ್ಟುತ್ತದೆ, ಅದನ್ನು ಒರೆಸಲು ಆಗುವುದಿಲ್ಲ.

ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ಚಿತ್ರ ಕಾಣಲು ಕಣ್ಣು ಗಾಜಿನಿಂದ ಎಷ್ಟು ದೂರ ಇರಬಹುದು) ಅನ್ನುವ ಸಂಖ್ಯೆ ನೋಡದೆ ದುಡ್ಡು ಕೊಡಬೇಡಿ. ಅದು 16 ಮಿಲಿಮೀಟರ್ ಅಥವಾ ಜಾಸ್ತಿ ಇರಬೇಕು, ಇಲ್ಲದಿದ್ದರೆ ಚಿತ್ರದ ಮಧ್ಯಭಾಗ ಮಾತ್ರ ಕಾಣುತ್ತದೆ. ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಪೂರ್ತಿ ಒಳಗೆ ತಿರುಗಿಸಿ, ಕನ್ನಡಕ ಹಾಕಿಕೊಂಡೇ ನೋಡಿ ತೀರ್ಮಾನ ಮಾಡಿ.

ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಡಯಾಪ್ಟರ್ ಹೊಂದಿಸದೆ ವರ್ಷಗಟ್ಟಲೆ ಬಳಸುವವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಎರಡು ನಿಮಿಷದ ಕೆಲಸ. ದೂರದ ಒಂದು ಬೋರ್ಡ್ ನೋಡಿ. ಬಲಗಡೆಯ ಮುಂದಿನ ಗಾಜನ್ನು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ ಬಲಗಡೆಯ ಡಯಾಪ್ಟರ್ ಉಂಗುರವನ್ನಷ್ಟೇ ತಿರುಗಿಸಿ ಬಲಗಣ್ಣಿಗೂ ಸ್ಪಷ್ಟ ಮಾಡಿ. ಕೆಲವು ಮಾದರಿಗಳಲ್ಲಿ ಆ ಉಂಗುರ ನಡುವೆಯೇ ಇರುತ್ತದೆ, ಕ್ರಮ ಅದೇ. ಉಂಗುರ ನಿಂತ ಜಾಗಕ್ಕೆ ಬಿಳಿ ಪೇಂಟಿನ ಒಂದು ಚುಕ್ಕೆ ಇಡಿ, ಬೇರೆ ಯಾರಾದರೂ ತಿರುಗಿಸಿದರೆ ವಾಪಸ್ ತರಬಹುದು.

ದರದ ವಿಷಯ. ಸುಮಾರು 250 ಡಾಲರ್‌ನಿಂದ ನಂಬಬಹುದಾದ 10×42 ಸಿಗುತ್ತದೆ, ವೋರ್ಟೆಕ್ಸ್, ನಿಕಾನ್ ಥರದವು. 500ರಿಂದ 1000ದ ನಡುವೆ ನಿಜವಾದ ವ್ಯತ್ಯಾಸ ಕಾಣುತ್ತದೆ, ಮುಖ್ಯವಾಗಿ ಆ ಮಬ್ಬಿನ ಹೊತ್ತಿನಲ್ಲಿ. ವಯೋಮಿಂಗ್‌ನ ಲ್ಯಾಂಡರ್ ಊರಿನ ಮೇವನ್ ಕಂಪನಿಯ ಬೈನಾಕ್ಯುಲರ್ ಕೂಡ ಈ ದರದ ಆಸುಪಾಸಿನಲ್ಲಿ ಸಿಗುತ್ತದೆ. ಆಸ್ಟ್ರಿಯಾದ ಸ್ವರೋವ್ಸ್ಕಿ, ಜರ್ಮನಿಯ ಜೈಸ್, ಲೈಕಾಗಳ ಮೇಲಿನ ದರ್ಜೆಯವು 2000 ದಾಟುತ್ತವೆ. ಅವು ಚೆನ್ನಾಗಿಲ್ಲ ಅಂತ ಯಾರೂ ಹೇಳಲಾರರು, ಆದರೆ 250ರಿಂದ 700ಕ್ಕೆ ಹೋದಾಗ ಸಿಗುವಷ್ಟು ಲಾಭ 700ರಿಂದ 2500ಕ್ಕೆ ಹೋದಾಗ ಸಿಗುವುದಿಲ್ಲ. ಹಳೆಯದು ಕೊಳ್ಳುವುದೂ ಒಳ್ಳೆ ದಾರಿ. ವೋರ್ಟೆಕ್ಸ್‌ನ ವಾರಂಟಿ ಬಿಲ್ ಇಲ್ಲದಿದ್ದರೂ, ಎರಡನೇ ಮಾಲೀಕರಾದರೂ ನಡೆಯುತ್ತದೆ. ಹಳೆಯದನ್ನು ಕನಿಷ್ಠ ಹತ್ತು ನಿಮಿಷ ಕಣ್ಣಿಗಿಟ್ಟು ನೋಡಿ, ಕಣ್ಣು ಎಳೆದ ಹಾಗೆ ಅನಿಸಿದರೆ ಬಿದ್ದು ಕೊಳವೆಗಳ ನೇರ ತಪ್ಪಿದೆ ಅಂತ ಅರ್ಥ.

ಟ್ರೈಪಾಡ್ ಇಲ್ಲದೆ ಅರ್ಧ ಬೈನಾಕ್ಯುಲರ್

ನನ್ನ ಬೇಟೆ ಬದಲಾಗಿದ್ದು ಹೊಸ ಬೈನಾಕ್ಯುಲರ್‌ನಿಂದಲ್ಲ, ಅದನ್ನು ಟ್ರೈಪಾಡ್ ಮೇಲೆ ಕೂರಿಸಿದ ದಿನದಿಂದ. ಒಂದು ಸಲ ಕೈಯಲ್ಲಿ ಹಿಡಿದು ಇಡೀ ಇಳಿಜಾರು ನೋಡಿ ಮುಗಿಸಿದ್ದೆ, ಏನೂ ಇಲ್ಲ ಅಂತ ನಿಶ್ಚಯವಾಗಿತ್ತು. ಆಮೇಲೆ ಸುಮ್ನೆ ನೋಡೋಣ ಅಂತ ಅದೇ ಬೈನಾಕ್ಯುಲರನ್ನು ಗೆಳೆಯನ ಟ್ರೈಪಾಡ್‌ಗೆ ಸಿಕ್ಕಿಸಿದೆ. ಐದೇ ನಿಮಿಷದಲ್ಲಿ ಒಂದು ಪೊದೆಯ ಹಿಂದೆ ಕಿವಿ ಅಲುಗಿತು. ಒಂದಲ್ಲ, ಮೂರು ಹೆಣ್ಣು ಜಿಂಕೆ. ಕೈಯಲ್ಲಿ ಹಿಡಿದಾಗ ಇಡೀ ಚಿತ್ರವೇ ಅಲುಗುತ್ತಿರುತ್ತದೆ, ಹಾಗಾಗಿ ಅದರೊಳಗೆ ಒಂದು ಕಿವಿ ಅಲುಗಿದ್ದು ಕಣ್ಣಿಗೆ ಬೀಳುವುದಿಲ್ಲ. ಚಿತ್ರ ಕಲ್ಲಿನ ಥರ ನಿಂತರೆ ಅಲುಗಿದ್ದು ತಾನಾಗಿಯೇ ಎದ್ದು ಕಾಣುತ್ತದೆ.

ಬೈನಾಕ್ಯುಲರ್ ಕೊಳ್ಳುವಾಗ ಎರಡು ಕೊಳವೆಗಳ ನಡುವಿನ ಕೀಲಿನ ಮುಂದೆ ಒಂದು ಸಣ್ಣ ಮುಚ್ಚಳ, ಅದರ ಹಿಂದೆ ಸ್ಕ್ರೂ ತೂತು ಇದೆಯಾ ನೋಡಿ. ಅಲ್ಲಿಗೆ ಅಡಾಪ್ಟರ್ ಹಾಕುವುದು. ಟ್ರೈಪಾಡ್ ಎತ್ತರ ಬೇಕಾಗಿಲ್ಲ, ನೀವು ಕೂತೇ ನೋಡುವುದು, ಕಾಲುಗಳು ಅಗಲಕ್ಕೆ ಬಿಚ್ಚಿ ನೆಲಕ್ಕೆ ತಗ್ಗುವಂತಿರಬೇಕು. ವಯೋಮಿಂಗ್ ಗಾಳಿ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಜೋರು ಗಾಳಿಗೆ ಟ್ರೈಪಾಡ್ ಅಲುಗದಂತೆ ನಡುವಿನ ಕೊಕ್ಕೆಗೆ ಬೆನ್ನಚೀಲ ನೇತುಹಾಕಿ. ತಲೆಭಾಗ ಫ್ಲೂಯಿಡ್ ಹೆಡ್ ಆಗಿದ್ದರೆ ಮೆತ್ತಗೆ ಜಾರುತ್ತದೆ, ಫೋಟೋದವರ ಬಾಲ್ ಹೆಡ್ ಸಡಿಲಿಸಿದ ಕೂಡಲೇ ಎಲ್ಲಾ ಕಡೆ ವಾಲುವುದರಿಂದ ಈ ಕೆಲಸಕ್ಕೆ ಒಗ್ಗುವುದಿಲ್ಲ. ಕೈಯಲ್ಲಿ ಸಾವಿರ ಡಾಲರ್ ಇದ್ದರೆ ನಾನು 600 ಬೈನಾಕ್ಯುಲರ್‌ಗೆ, 250 ಟ್ರೈಪಾಡ್ ಮತ್ತು ಅಡಾಪ್ಟರ್‌ಗೆ, ಉಳಿದದ್ದನ್ನು ದೂರ ಅಳೆಯುವ ಸಾಧಾರಣ ರೇಂಜ್‌ಫೈಂಡರ್‌ಗೆ ಹಾಕುತ್ತೇನೆ.

ಸ್ಪಾಟಿಂಗ್ ಸ್ಕೋಪ್ (ಒಂದೇ ಕೊಳವೆಯ, ಪಟ್ಟು ಜಾಸ್ತಿ ಇರುವ ದೂರದರ್ಶಕ) ಯಾವಾಗ ಬೇಕು? ಜಿಂಕೆ ಹುಡುಕಲು ಅಲ್ಲ, ಸಿಕ್ಕ ಜಿಂಕೆಯನ್ನು ಅಳೆಯಲು. ವಯೋಮಿಂಗ್‌ನ ಕೆಲವು ಪ್ರದೇಶಗಳಲ್ಲಿ ಕೊಂಬಿನ ಒಂದು ಬದಿಯಲ್ಲಿ ಮೂರು ಕವಲಾದರೂ ಇರುವ ಗಂಡನ್ನೇ ಹೊಡೆಯಬೇಕು ಅನ್ನುವ ನಿಯಮ ಇರುತ್ತದೆ. ಎರಡು ಕಿಲೋಮೀಟರ್ ದೂರದ ಗಂಡಿಗೆ ಕವಲು ಎರಡೋ ಮೂರೋ ಅಂತ ತಿಳಿಯಲು ಎರಡು ಹಳ್ಳ ಇಳಿದು ಹತ್ತಿ ಹೋಗುವ ಬದಲು ಕೂತಲ್ಲೇ ತಿಳಿಯಬಹುದು. ಬೆನ್ನ ಮೇಲೆ ಹೊರುವವರಿಗೆ 65 ಮಿಲಿಮೀಟರ್ ಗಾಜಿನದು ಸಾಕು. 80-85ರದು ಬೆಳಗಿನ ಹೊತ್ತು ಚೆನ್ನ, ಆದರೆ ಎರಡು ಕಿಲೋ ಹತ್ತಿರ ತೂಗುತ್ತದೆ. 60 ಪಟ್ಟು ಅಂತ ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಹತ್ತು ಗಂಟೆ ದಾಟಿ ನೆಲ ಕಾದ ಮೇಲೆ ಬಿಸಿಲ್ಗುದುರೆ ಏಳುತ್ತದೆ, ಆಗ 30 ಪಟ್ಟಿನ ಮೇಲೆ ಹೋದರೆ ಗಾಳಿಯ ಕುಣಿತವೇ ದೊಡ್ಡದಾಗಿ ಕಾಣುವುದು.

ರೇಂಜ್‌ಫೈಂಡರ್ ಬಗ್ಗೆ ಎರಡೇ ಮಾತು. ಒಣ, ತೆಳು ಗಾಳಿಯಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ, ಅಂದಾಜು ನಂಬಬೇಡಿ. ಪೆಟ್ಟಿಗೆ ಮೇಲೆ ಸಾವಿರ ಗಜ ಅಂತಿದ್ದರೆ ಅದು ಹೊಳೆಯುವ ಬೋರ್ಡಿಗೆ, ಜಿಂಕೆಯ ಮೈಗೆ ಅದರ ಅರ್ಧ ಅಥವಾ ಇನ್ನೂ ಕಡಿಮೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಬಂದೂಕಿನ ಮೇಲಿನ ಸ್ಕೋಪ್ 3-9×40 (3ರಿಂದ 9 ಪಟ್ಟು) ಇದ್ದರೆ ಬೇಕಾದಷ್ಟಾಯಿತು. ಅದರಲ್ಲಿ ಜಿಂಕೆ ಹುಡುಕಬೇಡಿ, ದಯವಿಟ್ಟು. ಸ್ಕೋಪ್ ತಿರುಗಿದ ಕಡೆ ನಳಿಗೆಯೂ ತಿರುಗುತ್ತದೆ, ದೂರದಲ್ಲಿ ಅಲುಗಿದ್ದು ಜಿಂಕೆಯೋ ಮನುಷ್ಯನೋ ಅಂತ ನೋಡಲು ಹೋಗಿ ಒಬ್ಬ ಮನುಷ್ಯನ ಎದೆಗೆ ಬಂದೂಕು ಹಿಡಿದಂತಾಗುತ್ತದೆ. ನನಗೆ ಎದುರು ಗುಡ್ಡದಿಂದ ಯಾರೋ ಹಾಗೆ ಹಿಡಿದದ್ದನ್ನು ನನ್ನ ಬೈನಾಕ್ಯುಲರ್‌ನಲ್ಲಿ ನೋಡಿದ್ದೇನೆ. ಆ ಕಪ್ಪು ವೃತ್ತ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಇನ್ನು ಥರ್ಮಲ್, ನೈಟ್ ವಿಷನ್ ಉಪಕರಣಗಳಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಆ ವರ್ಷದ ನಿಯಮ ಪುಸ್ತಕ ಓದದೆ ಅದಕ್ಕೆ ದುಡ್ಡು ಹಾಕಬೇಡಿ.

ಕೂತು ನೋಡುವ ಕ್ರಮ

ಒಳ್ಳೆ ಗಾಜು ಕೊಂಡು ಕೆಟ್ಟದಾಗಿ ನೋಡಿದರೆ ಪ್ರಯೋಜನ ಇಲ್ಲ. ಕತ್ತಲಲ್ಲೇ ಹೋಗಿ, ಸೂರ್ಯ ಬೆನ್ನಿಗೆ ಬರುವಂತೆ, ದಿಬ್ಬದ ನೆತ್ತಿಯಿಂದ ಸ್ವಲ್ಪ ಕೆಳಗೆ ಕೂರಿ. ನೆತ್ತಿ ಮೇಲೆ ಕೂತರೆ ಆಕಾಶಕ್ಕೆ ಎದುರಾಗಿ ನಿಮ್ಮ ಆಕಾರ ಎದ್ದು ಕಾಣುತ್ತದೆ. ವಯೋಮಿಂಗ್ ಕಾನೂನು ಪ್ರಕಾರ ಹಾಕಲೇಬೇಕಾದ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಉಡುಪಿನ ಚಿಂತೆ ಬೇಡ, ಆ ಬಣ್ಣ ಜಿಂಕೆಗೆ ನಮಗೆ ಕಂಡ ಹಾಗೆ ಕಾಣುವುದಿಲ್ಲ. ಕದಲಿಕೆ ಮಾತ್ರ ಥಟ್ಟನೆ ಕಾಣುತ್ತದೆ.

ಮೊದಲು ಹತ್ತಿರದ್ದು ನೋಡಿ. ಎಲ್ಲರೂ ದೂರದ ಗುಡ್ಡಕ್ಕೆ ಹಾರುತ್ತಾರೆ, ಇನ್ನೂರು ಮೀಟರ್‌ನಲ್ಲಿ ಮಲಗಿದ್ದ ಜಿಂಕೆ ಎದ್ದು ಓಡುತ್ತದೆ. ಆಮೇಲೆ ಗದ್ದೆ ಉಳುವ ಹಾಗೆ, ಎಡದಿಂದ ಬಲಕ್ಕೆ ಒಂದು ಸಾಲು, ಸ್ವಲ್ಪ ಮೇಲೆ ಏರಿಸಿ ಬಲದಿಂದ ಎಡಕ್ಕೆ ಇನ್ನೊಂದು. ಬೈನಾಕ್ಯುಲರ್ ಜಾರಿಸುತ್ತಲೇ ನೋಡಬೇಡಿ. ನಿಲ್ಲಿಸಿ, ಆ ವೃತ್ತದೊಳಗೆ ಕಣ್ಣನ್ನಷ್ಟೇ ಓಡಿಸಿ, ಹತ್ತು ಹದಿನೈದು ಸೆಕೆಂಡ್ ಆದ ಮೇಲೆ ಮುಂದಿನ ತುಂಡಿಗೆ ಹೋಗಿ. ಪೊದೆಗಳ ನಡುವೆ ಅಡ್ಡಕ್ಕೆ ಇರುವ ಗೆರೆ ಜಿಂಕೆಯ ಬೆನ್ನಿರಬಹುದು. ಎಳೆಬಿಸಿಲಲ್ಲಿ ಹೊಳೆಯುವ ಬಿಳಿ ಮಚ್ಚೆ ಅದರ ಹಿಂಭಾಗ, ಅದರ ನಡುವೆ ತುದಿ ಕಪ್ಪಗಿರುವ ಸಣ್ಣ ಬಾಲ ಕಂಡರೆ ಮ್ಯೂಲ್ ಡಿಯರ್ ಅಂತ ಖಾತ್ರಿ.

ಮಧ್ಯಾಹ್ನ ಗಾಡಿಗೆ ವಾಪಸ್ ಹೋಗುವುದು ದೊಡ್ಡ ತಪ್ಪು. ಸೂರ್ಯ ಜರುಗಿದಂತೆ ನೆರಳೂ ಜರುಗುತ್ತದೆ, ಮಲಗಿದ ಜಿಂಕೆಗೆ ಬಿಸಿಲು ತಾಗಿದಾಗ ಅದು ಎದ್ದು ಎರಡು ಹೆಜ್ಜೆ ನಡೆದು ಪೊದೆಯ ಇನ್ನೊಂದು ಬದಿಗೆ ಮಲಗುತ್ತದೆ. ಆ ಅರ್ಧ ನಿಮಿಷಕ್ಕೆ ನಿಮ್ಮ ಕಣ್ಣು ಅಲ್ಲಿರಬೇಕು. ನಿನ್ನೆ ಖಾಲಿ ಇದ್ದ ಇಳಿಜಾರನ್ನು ಇವತ್ತು ಬಿಡಬೇಡಿ. ಇಲ್ಲಿನ ಕೆಲವು ಮ್ಯೂಲ್ ಡಿಯರ್ ರೆಡ್ ಡೆಸರ್ಟ್‌ನಿಂದ ಹೋಬ್ಯಾಕ್ ಕಣಿವೆವರೆಗೆ ಸುಮಾರು 240 ಕಿಲೋಮೀಟರ್ ವಲಸೆ ಹೋಗುತ್ತವೆ ಅಂತ ಸಂಶೋಧಕರು ಅವುಗಳ ಕತ್ತಿಗೆ ಜಾಡು ಹಿಡಿಯುವ ಕಾಲರ್ ಹಾಕಿ ತಿಳಿದುಕೊಂಡಿದ್ದಾರೆ. ಶರತ್ಕಾಲದಲ್ಲಿ ಅವು ತಿರುಗಿ ಕೆಳಗೆ ಬರುವ ಹೊತ್ತು, ಒಂದು ಹಿಮ ಬಿದ್ದರೆ ಬೆಳಗಾಗುವಷ್ಟರಲ್ಲಿ ಹೊಸ ಗುಂಪು ಬಂದಿರುತ್ತದೆ.

ಗಾಜಿನ ಆರೈಕೆ

ಬಯಲಿನ ದೂಳು ಅಂದರೆ ಸಣ್ಣ ಮರಳು. ಅಂಗಿಯ ಚುಂಗಿನಿಂದ ಒರೆಸಿದರೆ ಕೋಟಿಂಗ್ ಮೇಲೆ ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬುಡ್ಡಿಯಿಂದ ದೂಳು ಹಾರಿಸಿ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಲೆನ್ಸ್ ಬಟ್ಟೆ. ರಾತ್ರಿ ಬೈನಾಕ್ಯುಲರನ್ನು ಹೀಟರ್ ಹಾಕಿದ ಗಾಡಿಯೊಳಗೆ ಇಡಬೇಡಿ, ಹೊರಗಿನ ಚಳಿಯಲ್ಲೇ ಚೀಲದಲ್ಲಿ ಇರಲಿ, ಬೆಳಿಗ್ಗೆ ಮಂಜು ಕಟ್ಟುವುದಿಲ್ಲ.

ರಜೆಯಲ್ಲಿ ಊರಿಗೆ ತಗೊಂಡು ಹೋಗುವವರು ಇದನ್ನು ಗಮನಿಸಿ. ಮಲೆನಾಡು, ಕರಾವಳಿಯ ಮಳೆಗಾಲ ಗಾಜಿಗೆ ವಯೋಮಿಂಗ್ ಚಳಿಗಿಂತ ಕೆಟ್ಟದ್ದು. ತೇವಕ್ಕೆ ಲೆನ್ಸ್ ಮೇಲೆ ಬೂಷ್ಟು ಬರುತ್ತದೆ, ಜೇಡರ ಬಲೆಯಂತೆ ಹರಡಿ ಕೋಟಿಂಗ್ ತಿಂದುಹಾಕುತ್ತದೆ. ಅಪ್ಪನಿಗೆ ಹಕ್ಕಿ ನೋಡಲಿ ಅಂತ ನಾನು ಕೊಟ್ಟ 8×42 ಬಟ್ಟೆಯ ಚೀಲದಲ್ಲಿ, ಬೀರುವಿನೊಳಗೆ ಒಂದೇ ಮಳೆಗಾಲಕ್ಕೆ ಹಾಗಾಯಿತು. ಈಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತಾರೆ, ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಹಾಕುತ್ತಾರೆ. ಬಿಸಿಲು ಬಿದ್ದ ದಿನ ಡಬ್ಬಿಯಿಂದ ತೆಗೆದು ಒಂದು ಗಂಟೆ ಜಗಲಿಯ ಮೇಲೆ ಇಡುತ್ತಾರೆ.